ಮರಗಳ ಪರಾಗ: ಯಂತ್ರಕಲಿಕೆಯಿಂದ ವರ್ಗೀಕರಣ

ಗಾಳಿಯಲ್ಲಿ ತೇಲುವ ಪರಾಗರೇಣು ಯಾವ ಮರದ್ದೆಂಬುದನ್ನು ಅದರ ಆಕಾರ, ಬೆಳಕಿಗೆ ಅದು ತೋರುವ ಪ್ರತಿಕ್ರಿಯೆ ಹಾಗೂ ಅದು ಸಿಕ್ಕ ಋತುವಿನ ಆಧಾರದ ಮೇಲೆ ಕಂಪ್ಯೂಟರ್ ಮೂಲಕ ಗುರುತಿಸುವ ವಿಧಾನ. ಪರಾಗದ ಅಲರ್ಜಿ ಇರುವವರಿಗೆ ಮುನ್ಸೂಚನೆ ಕೊಡುವುದು ಇದರ ಮುಖ್ಯ ಬಳಕೆ.

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಗೆ ಸ್ವತಃ ಪರಾಗದ ಅಲರ್ಜಿಯಿತ್ತು. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಪಟದಲ್ಲಿ ಹಾರಿಸಿ, ಎತ್ತರದಲ್ಲೂ ಪರಾಗವಿದೆಯೆಂದು ಈತ ತೋರಿಸಿದ. ಈ ಪ್ರಯೋಗಗಳನ್ನು ಕುರಿತ ಈತನ ಪುಸ್ತಕ 1873ರಲ್ಲಿ ಹೊರಬಂತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದ್ದ ಜೇಮ್ಸ್ ಹರ್ಸ್ಟ್ 1952ರಲ್ಲಿ ವಿವರಿಸಿದ ಉಪಕರಣ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಂಡು, ನಿಧಾನವಾಗಿ ಸರಿಯುವ ಅಂಟು ಪದರದ ಮೇಲೆ ರೇಣುಗಳನ್ನು ಹಿಡಿಯುತ್ತದೆ. ಆದರೆ ಅವನ್ನು ಎಣಿಸಲು ತಜ್ಞರು ಸೂಕ್ಷ್ಮದರ್ಶಕದ ಮುಂದೆ ಕೂರಲೇಬೇಕು. ಲೆಕ್ಕ ಕೈಸೇರುವಷ್ಟರಲ್ಲಿ ಜನ ಸೀನಿ ಮುಗಿಸಿರುತ್ತಾರೆ.

ಈ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೆಂದು 1968ರಲ್ಲೇ ಸೂಚಿಸಿದವನು ಪರಾಗತಜ್ಞ ಜಾನ್ ಫ್ಲೆನ್ಲಿ. ಈತನ ಆಸಕ್ತಿಯಿದ್ದದ್ದು ಅಲರ್ಜಿಯಲ್ಲಲ್ಲ, ಕೆಸರಿನ ಪದರಗಳಲ್ಲಿ ಉಳಿದ ಪ್ರಾಚೀನ ಪರಾಗದಲ್ಲಿ. 1990ರಲ್ಲಿ ಈತ ಮತ್ತು ಸಹೋದ್ಯೋಗಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ರೇಣುಗಳ ಮೇಲ್ಮೈ ವಿನ್ಯಾಸವನ್ನು ಅಳೆದು ಅವನ್ನು ವಿಂಗಡಿಸಿದರು.

ಗಾಳಿಯ ಪರಾಗ ಎಣಿಸಲು ಜಪಾನ್ ಹಿಡಿದದ್ದು ಸರಳ ದಾರಿ. ಅಲ್ಲಿ ವಸಂತದಲ್ಲಿ ಕಾಟ ಕೊಡುವುದು ಬಹುಪಾಲು ಸುಗಿ ಮತ್ತು ಹಿನೋಕಿ ಮರಗಳ ಪರಾಗ. ಹಾಗಾಗಿ ಲೇಸರ್ ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಎಣಿಸಿದರೆ ಸಾಕಾಗುತ್ತಿತ್ತು. ಹೆಸರನ್ನು ಋತುವೇ ಹೇಳುತ್ತಿತ್ತು.

ಯೂರೋಪಿನಲ್ಲಿ ಅಷ್ಟು ಸುಲಭವಿಲ್ಲ. ಹೇಝಲ್, ಆಲ್ಡರ್, ಬರ್ಚ್ ಮೂರೂ ಒಂದೇ ಕುಟುಂಬದವು, ರೇಣುಗಳ ಗಾತ್ರದಲ್ಲೂ ಹತ್ತಿರ ಹತ್ತಿರ. ಆಲ್ಡರ್ ರೇಣುವಿಗೆ ಸಾಮಾನ್ಯವಾಗಿ ನಾಲ್ಕೈದು ರಂಧ್ರ, ಉಳಿದೆರಡಕ್ಕೆ ಮೂರು. ರೇಣು ಓರೆಯಾಗಿ ಬಿದ್ದರೆ ಈ ಗುರುತೂ ಕಾಣದು. ಎಣಿಸುವವರು ಇಲ್ಲಿ ಕ್ಯಾಲೆಂಡರಿನ ಮೊರೆಹೋಗುತ್ತಾರೆ, ಬಾಯಿಬಿಟ್ಟು ಹೇಳದಿದ್ದರೂ: ಬರ್ಚ್ ಹೂಬಿಡದ ಜನವರಿಯಲ್ಲಿ ಸಿಕ್ಕಿದ್ದನ್ನು ಬರ್ಚ್ ಎಂದು ಬರೆಯಲು ಯಾರಿಗೂ ಧೈರ್ಯ ಬಾರದು. ಅದೇ ಜಾಣತನವನ್ನು ಯಂತ್ರಕ್ಕೂ ಕಲಿಸಬಹುದು. ದಿನಾಂಕವನ್ನೇ ಒಂದು ಲಕ್ಷಣವಾಗಿ ಕೊಡಬಹುದು. ಇಲ್ಲವೇ ಅಕಾಲದ ಉತ್ತರಗಳನ್ನು ಕೊನೆಯಲ್ಲಿ ಸೋಸಿ ತೆಗೆಯಬಹುದು.

ಅಪಾಯವಿರುವುದೂ ಇಲ್ಲೇ. ಚಳಿ ಕಡಿಮೆಯಾದ ವರ್ಷ ಹೇಝಲ್ ಡಿಸೆಂಬರಿನಲ್ಲೇ ಅರಳುತ್ತದೆ. ಫಿನ್ಲೆಂಡಿನಲ್ಲಿ ಸ್ಥಳೀಯ ಬರ್ಚ್ ಹೂಬಿಡುವ ಮುನ್ನವೇ ದಕ್ಷಿಣದ ಗಾಳಿ ಬೇರೆಡೆಯ ಬರ್ಚ್ ಪರಾಗವನ್ನು ತಂದು ಸುರಿಯುತ್ತದೆ. ಕ್ಯಾಲೆಂಡರನ್ನೇ ಬಾಯಿಪಾಠ ಮಾಡಿದ ಯಂತ್ರ, ಜನರಿಗೆ ಎಚ್ಚರಿಕೆ ತೀರಾ ಬೇಕಾದ ದಿನಗಳಲ್ಲೇ ತಪ್ಪುತ್ತದೆ. ಆದ್ದರಿಂದ ಋತುವನ್ನು ಸಾಕ್ಷಿಯಾಗಿ ಬಳಸುವುದು ಸರಿ, ತೀರ್ಪುಗಾರನಾಗಿ ಕೂರಿಸುವುದು ಸರಿಯಲ್ಲ.

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ 2019ರಿಂದ ಪರಾಗ ಎಣಿಸುವ ಸ್ವಯಂಚಾಲಿತ ಸೂಕ್ಷ್ಮದರ್ಶಕಗಳ ಜಾಲವಿದೆ. ಸ್ವಿಟ್ಜರ್ಲೆಂಡಿನ ಹವಾಮಾನ ಇಲಾಖೆ 2023ರಲ್ಲಿ ಆರಂಭಿಸಿದ ಜಾಲದ ಉಪಕರಣಗಳು ಹಾರುತ್ತಿರುವ ಕಣವನ್ನೇ ಹಾಲೊಗ್ರಫಿಯಿಂದ ಎರಡು ಕೋನಗಳಲ್ಲಿ ಸೆರೆಹಿಡಿಯುತ್ತವೆ. ವಿಂಗಡಿಸುವುದು ಯಂತ್ರಕಲಿಕೆಯ ನರಜಾಲ ಮಾದರಿ. ಇಂಥ ಯಂತ್ರಗಳ ಲೆಕ್ಕವನ್ನು ಒರೆಗೆ ಹಚ್ಚಲು ಇಂದಿಗೂ ಬಳಸುವುದು ಹರ್ಸ್ಟ್‌ನ ಉಪಕರಣ ಮತ್ತು ಕೈಎಣಿಕೆಯನ್ನೇ.