ಬಾಣೆಯ ಮೇಲಿನ ಕಡಂಗ

ಪಹಣಿಯಲ್ಲಿ ಆ ಜಾಗಕ್ಕಿರುವುದು ಒಂದೇ ಹೆಸರು: ಜಮ್ಮಾ ಬಾಣೆ. ಒಂದು ಸರ್ವೆ ನಂಬರು, ಇಷ್ಟು ಎಕರೆ, ಇಷ್ಟು ಸೆಂಟು, ಅಷ್ಟೆ. ಕೊಡಗಿನ ಹುದಿಕೇರಿಯಲ್ಲಿ ನಮ್ಮ ಪೂರ್ವಿಕರ ಮನೆಯಾದ ಐನ್‌ಮನೆಯ ಸುತ್ತ ಆಡಿ ಬೆಳೆದವರ ಬಾಯಲ್ಲಿ ಅದೇ ನೆಲಕ್ಕೆ ಹತ್ತಾರು ಹೆಸರುಗಳು. ಮನೆಗೆ ಬರುವ ಓಣಿ, ಒಕ್ಕುವ ಕಣ, ದೊಡ್ಡವರಿಲ್ಲದೆ ನಾವು ಕಾಲಿಡದಿದ್ದ ಹಿರಿಯರ ಗುಡಿ ಕೈಮಡ, ಎಲ್ಲದರ ಮೇಲೆ ಕಡಂಗ.

ಸುಗ್ಗಿಯ ಹಬ್ಬ ಪುತ್ತರಿಗೆ ಮೈಸೂರು, ಬೆಂಗಳೂರುಗಳಿಂದ ನಮ್ಮ ಒಕ್ಕದ, ಅಂದರೆ ಕುಲದ, ಮಕ್ಕಳೆಲ್ಲ ಬಂದು ಸೇರಿದರೆ ನಮ್ಮ ಹಗಲೆಲ್ಲ ಕಳೆಯುತ್ತಿದ್ದದ್ದು ಕಡಂಗದಲ್ಲೇ. ಕಾಫಿ ತೋಟದ ಮೇಲಂಚಿನಲ್ಲಿ ಆಳಕ್ಕೆ ಇಳಿದ ಕಂದಕ, ಒಂದು ಮಗ್ಗುಲಿಗೆ ಅಗೆದ ಮಣ್ಣಿನ ದಿಬ್ಬ. ದಿಬ್ಬದ ನೆತ್ತಿಯಿಂದ ಅಡಿಕೆ ಹಾಳೆಯ ಮೇಲೆ ಕೂತು ತಳಕ್ಕೆ ಜಾರುವುದು, ತಳದಲ್ಲಿ ಸಾಲಾಗಿ ಓಡುವುದು. ಅದನ್ನು ಅಗೆಸಿದವರು ಯಾರೆಂದು ಕೇಳಿದರೆ ಮನೆಯಲ್ಲೇ ಎರಡು ಉತ್ತರ ಸಿಗುತ್ತಿತ್ತು. ರಾಜರ ಕಾಲದ್ದು ಎಂದು ಅಜ್ಜ. ದನ ನುಗ್ಗದಂತೆ ತೋಟಕ್ಕೆ ತೋಡಿಸಿದ್ದು ಎಂದು ಚಿಕ್ಕಪ್ಪ. ತೋಟ ಹಲವು ಪಾಲಾಗಿ ಒಂದು ಪಾಲು ಹೊರಗಿನವರ ಕೈಗೆ ಹೋದ ಮೇಲೆ, ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕೆನಿಸಿತು.

ಮೊದಲು ಕೈಗೆತ್ತಿಕೊಂಡದ್ದು ಕಂದಾಯದ ಕಾಗದಗಳನ್ನು. ಕೊಡಗಿನ ರಾಜ ಲಿಂಗರಾಜೇಂದ್ರ ಆಳಿದ್ದು 1811ರಿಂದ 1820ರವರೆಗೆ. ಅವನ ಕಾಲದ 'ಶಿಸ್ತು' ಎಂಬ ಕಂದಾಯ ಲೆಕ್ಕದಿಂದ ಇಂದಿನ ಪಹಣಿಯವರೆಗೆ ಸರ್ಕಾರದ ಕಣ್ಣೆಲ್ಲ ಗದ್ದೆಯ ಮೇಲೆ. ಆ ಶಿಸ್ತಿನಲ್ಲಿ ವಂಶಪಾರಂಪರ್ಯದ ಜಮ್ಮಾ ಗದ್ದೆಗೆ ನೂರು ಭಟ್ಟಿಗೆ (ಭಟ್ಟಿ ಎಂದರೆ ಗದ್ದೆಯ ಅಳತೆ) 5 ರೂಪಾಯಿ, ಸಾಮಾನ್ಯ ಹಿಡುವಳಿಯ ಸಾಗು ಗದ್ದೆಗೆ 10 ಇತ್ತು. ಬಾಣೆ ಎಂಬುದು ಆ ಗದ್ದೆಗೆ ಸೊಪ್ಪು, ಸೌದೆ, ಮೇವು ಕೊಡಲೆಂದು ಜೊತೆಗೆ ಬಿಟ್ಟ ಕಂದಾಯವಿಲ್ಲದ ನೆಲ. ಕಂದಾಯ ತಾರದ ಹಳ್ಳವನ್ನು ಬರೆದಿಡುವ ಗರಜು ಯಾವ ಶಾನುಭೋಗನಿಗಿದ್ದೀತು?

ಪುಸ್ತಕಗಳ ಕಡೆ ತಿರುಗಿದ ಮೇಲೆ ದಾರಿ ತೆರೆಯಿತು. 1908ರ ಇಂಪೀರಿಯಲ್ ಗೆಜೆಟಿಯರ್ ಕೊಡಗಿನ ಕಡಂಗಗಳನ್ನು ಪ್ರಾಚೀನ ಅವಶೇಷಗಳ ಸಾಲಿನಲ್ಲೇ ಇಡುತ್ತದೆ. ಅವು ಬೆಟ್ಟ, ಕಾಡು, ಬಯಲೆನ್ನದೆ ಮೈಲಿಗಟ್ಟಲೆ ಸಾಗುತ್ತವೆ, ಅಲ್ಲಲ್ಲಿ ಕವಲೊಡೆಯುತ್ತವೆ, ಕೆಲವೆಡೆ ಗುಡ್ಡದ ನೆತ್ತಿಯನ್ನೇ ಸುತ್ತುತ್ತವೆ. ದಕ್ಷಿಣ ಕೊಡಗಿನಲ್ಲಿ ನಾಡುಗಳ ಗಡಿಯೂ ಆಗಿವೆ ಎನ್ನುತ್ತದೆ. ಒಂಬತ್ತು, ಹತ್ತನೆಯ ಶತಮಾನದ ಶಾಸನಗಳಲ್ಲೂ ಅವುಗಳ ಪ್ರಸ್ತಾಪವಿದೆ. ಬಿ. ಎಲ್. ರೈಸ್ 1886ರಲ್ಲಿ ಹೊರತಂದ ಕೊಡಗಿನ ಶಾಸನಗಳ ಸಂಪುಟ ಬಿಡಿಸಿದರೆ, ನಮ್ಮದೇ ಕಿಗ್ಗಟ್ಟುನಾಡಿನ ಪೆಗ್ಗೂರು ಶಾಸನ ಸಿಗುತ್ತದೆ. ಗಂಗ ವಂಶದ ರಕ್ಕಸನ ಕಾಲದ್ದು, ಸುಮಾರು ಕ್ರಿ. ಶ. 978ರದು. ದತ್ತಿ ಕೊಟ್ಟ ಊರಿನ ಜೊತೆಗೆ ಹೊಸ ಕಂದಕವೊಂದರ ಮಾತನ್ನೂ ರೈಸ್ ಅದರಲ್ಲಿ ಓದಿದ್ದಾರೆ. ಸಾವಿರ ವರ್ಷದ ಹಿಂದೆಯೇ ಒಂದು ಕಂದಕ 'ಹೊಸದು' ಎನಿಸಿಕೊಂಡಿದ್ದರೆ ಹಳೆಯವು ಆಗಲೇ ಇದ್ದಿರಬೇಕು. ಈ ಸಾಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಆದರೆ ನಮ್ಮ ಕಡಂಗ ಆ ಜಾತಿಯದೇ ಎನ್ನಲು ಸಾಕ್ಷಿ ಕೊಟ್ಟದ್ದು ಜೊತೆಯಲ್ಲಿ ಆಡಿದವರ ನೆನಪು. ದೂರದೂರಿನಲ್ಲಿರುವ ಅಣ್ಣತಂಗಿಯರನ್ನು ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳುತ್ತಾ ಹೋದೆ. ದಿಬ್ಬ ಹತ್ತದೆ, ತಳದಲ್ಲೇ ಓಡಿ, ಪಕ್ಕದ ಒಕ್ಕದ ಬಾಣೆ ದಾಟಿ ಅವರ ಗದ್ದೆಯ ಅಂಚಿಗೆ ಹೋಗಿ ಮುಟ್ಟುತ್ತಿದ್ದೆವೆಂದು ಒಬ್ಬ. ಹಲಸಿನ ಮರದ ಬುಡದಲ್ಲಿ ಅದು ಎರಡಾಗುತ್ತಿತ್ತು, ಕಣ್ಣಾಮುಚ್ಚಾಲೆಯಲ್ಲಿ ಹುಡುಕುವವರು ಸೋಲುತ್ತಿದ್ದದ್ದು ಅಲ್ಲೇ ಎಂದು ಇನ್ನೊಬ್ಬಳು. ಇವಿಷ್ಟನ್ನೂ ಗ್ರಾಮನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತಿಸಿದಾಗ, ನಮ್ಮ ಓಟದ ದಾರಿ ಬಹುದೂರ ಗ್ರಾಮದ ಗಡಿಗೆರೆಯ ಮೇಲೆಯೇ ಬಿತ್ತು.

ತೋಟಕ್ಕೆ ತೋಡಿಸಿದ ಕಂದಕ ತನ್ನ ಹಿಡುವಳಿಯ ಸುತ್ತ ಬರುತ್ತದೆ. ನೆರೆಯವರ ಬಾಣೆ ಸೀಳಿಕೊಂಡು ಊರಿನ ಗಡಿ ಹಿಡಿದು ಹೋಗುವುದಿಲ್ಲ. ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯಲ್ಲಿ ಶುರುವಾದದ್ದೇ 1854ರಲ್ಲಿ. ಇದು ಊರಿನ ಗಡಿಯಷ್ಟಾದರೂ ಹಳೆಯದು, ಕಾಫಿ ಇಲ್ಲಿಗೆ ಬರುವ ಮೊದಲಿನದು ಎಂಬುದು ನನ್ನ ತೀರ್ಮಾನ. ಅಜ್ಜನ ಮಾತೇ ಸತ್ಯಕ್ಕೆ ಹತ್ತಿರ.

ಆದರೆ ಹಳೆಯದೆಂದ ಮಾತ್ರಕ್ಕೆ ಅದು ಉಳಿಯುತ್ತದೆಂದಿಲ್ಲ. ದೇವರಿಗೆಂದು ಬಿಟ್ಟ ಕಾಡುಗಳಾದ ಕೊಡಗಿನ ದೇವಕಾಡುಗಳು 1905ರಲ್ಲಿ 6,277 ಹೆಕ್ಟೇರಿನಷ್ಟಿದ್ದವು, 1985ರ ಹೊತ್ತಿಗೆ 2,550ಕ್ಕೆ ಇಳಿದವು. ಆ ನಷ್ಟ ನಮಗೆ ತಿಳಿದದ್ದು ಅವುಗಳ ವಿಸ್ತೀರ್ಣ ದಾಖಲೆಯಲ್ಲಿದ್ದುದರಿಂದ. ಪಹಣಿ ಹೆಸರಿಸದ ಕಡಂಗಕ್ಕೆ ಆ ಆಸರೆಯೂ ಇಲ್ಲ. ಜೆಸಿಬಿ ಒಂದು ಹಗಲು ಓಡಾಡಿದರೆ ಅದು ಸಪಾಟು ನೆಲ.

ನಿಮ್ಮ ಬಾಣೆಯಲ್ಲೂ ಇಂಥ ಸಾಲೊಂದು ಇದ್ದರೆ ಮುಚ್ಚಿಸುವ ಮುನ್ನ ಗ್ರಾಮನಕ್ಷೆ ತೆಗೆಸಿ ನೋಡಿ. ಅಲ್ಲಿ ಆಡಿದ ಹಿರಿಯರನ್ನು ಕೂರಿಸಿಕೊಂಡು, ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದ್ದರೆಂದು ಕೇಳಿ ಗುರುತು ಹಾಕಿ. ಅವರಿರುವಾಗಲೇ ಕೇಳಿ.