ಸೇತುವೆ ಕಟ್ಟಿದವನ ದ್ವೀಪ

ನಾನು ದೊಡ್ಡಬಳ್ಳಾಪುರದ ಕಡೆಯವನು. ನಮ್ಮದು ಸಮುದ್ರವನ್ನು ಕಾಣದ ಬಯಲುಸೀಮೆ. ಎರಡೂ ದಡ ತುಂಬಿ ವರ್ಷವೆಲ್ಲ ಹರಿಯುವ ಹೊಳೆಯೂ ಅಲ್ಲಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಅರ್ಕಾವತಿ ಕೆರೆಯಿಂದ ಕೆರೆಗೆ ಇಳಿದು ಊರನ್ನು ಹಾದುಹೋಗುತ್ತಾಳೆ. ಇಂಥ ಸೀಮೆಯವನಿಗೆ ದ್ವೀಪದ ಮಾತೇಕೆಂದು ನೀವು ಕೇಳಬಹುದು. ಆದರೆ ಅದೇ ಅರ್ಕಾವತಿ ಕನಕಪುರದ ಕಾಡುಗಳನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕಾವೇರಿಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಸಿಗುವುದು ಶಿವನಸಮುದ್ರ. ಹೆಸರಿನಲ್ಲಿ ಸಮುದ್ರವಿದ್ದರೂ ಅದು ನದಿಯ ನಡುವಿನ ನೆಲ. ಒಂದು ಕಾಲಕ್ಕೆ ಒಬ್ಬ ಗೃಹಸ್ಥನ ಜಹಗೀರಾಗಿದ್ದ ದ್ವೀಪ.

ಖಾಸಗಿ ಒಡೆತನದ ದ್ವೀಪವೆಂದರೆ ನಮಗೆ ದೂರದೇಶದ ಚಿತ್ರಗಳು ನೆನಪಾಗುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಸೇಂಟ್ ಮೈಕೇಲ್ಸ್ ಮೌಂಟ್ ಎಂಬ ಪುಟ್ಟ ನಡುಗಡ್ಡೆಯಿದೆ. ಇಳಿತದ ವೇಳೆಯಲ್ಲಿ ಕಲ್ಲುಹಾಸಿನ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು. ಭರತ ಬಂದರೆ ಹಾದಿ ಮುಳುಗುತ್ತದೆ. ಹದಿನೇಳನೆಯ ಶತಮಾನದಿಂದ ಸೇಂಟ್ ಆಬಿನ್ ಎಂಬ ಮನೆತನದವರು ಅದರ ಒಡೆಯರಾಗಿದ್ದು, 1954ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿ ಹಾದಿಯನ್ನು ತೆರೆಯುವುದೂ ಮುಚ್ಚುವುದೂ ಕಡಲು. ಶಿವನಸಮುದ್ರದಲ್ಲಿ ಕಡಲಿನ ಉಬ್ಬರವಿಲ್ಲ. ಮುಂಗಾರಿನ ಕಾವೇರಿಯೇ ಅದರ ಉಬ್ಬರ. ಅಲ್ಲಿ ಹಾದಿಯನ್ನು ತೆರೆದವನು ಮನುಷ್ಯ. ಹಾದಿ ತೆರೆದುದಕ್ಕಾಗಿಯೇ ಅವನಿಗೆ ಒಡೆತನ ದೊರೆಯಿತು ಎಂಬುದು ಈ ಚರಿತ್ರೆಯ ವಿಶೇಷ.

ಕಾವೇರಿ ಇಲ್ಲಿ ಎರಡಾಗಿ ಒಡೆದು ದ್ವೀಪವನ್ನು ಬಳಸುತ್ತಾಳೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕಿ ಮತ್ತೆ ಕೂಡುತ್ತವೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ಇವರಿಬ್ಬರ ನಡುವೆ ಇಲ್ಲಿರುವವನು ಮಧ್ಯರಂಗ ಎಂಬುದು ಭಕ್ತರ ನಂಬಿಕೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಉಮ್ಮತ್ತೂರಿನ ವಂಶದ ಗಂಗರಾಜನು ಇಲ್ಲಿ ಪಟ್ಟಣ ಕಟ್ಟಿದನೆಂದು ಐತಿಹ್ಯ. ಅವನ ಮಗ ನಂದಿರಾಜನು ಯಾವುದೋ ದೋಷದ ಪ್ರಾಯಶ್ಚಿತ್ತಕ್ಕಾಗಿ ಕುದುರೆಯ ಕಣ್ಣು ಕಟ್ಟಿ ಜಲಪಾತಕ್ಕೆ ಹಾರಿದನಂತೆ. ಮುಂದಿನ ಅರಸನ ಕಾಲಕ್ಕೆ ಅಳಿಯಂದಿರ ಮನಸ್ತಾಪದಿಂದಲೇ ಪಟ್ಟಣ ಹಾಳಾಯಿತಂತೆ. ಕಥೆಯಲ್ಲಿ ಎಷ್ಟು ಚರಿತ್ರೆಯಿದೆಯೋ, ಪಟ್ಟಣವಂತೂ ಅಳಿದು ಕಾಡಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ದಾರಿಯಾಗಿ ಶ್ರೀರಂಗಪಟ್ಟಣದತ್ತ ಬರುತ್ತಿದ್ದಾಗ, ಶತ್ರುವಿಗೆ ಧಾನ್ಯವೂ ದನಕರುವೂ ಸಿಗದಿರಲೆಂದು ಟಿಪ್ಪು ಸುತ್ತಲ ಜನರನ್ನೂ ಜಾನುವಾರುಗಳನ್ನೂ ಈ ದ್ವೀಪಕ್ಕೆ ಅಟ್ಟಿದನು. ನೀರು ಅಂದು ಅವರಿಗೆ ಕೋಟೆಯೂ ಆಯಿತು, ಸೆರೆಯೂ ಆಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವರು ಇಲ್ಲಿಗೆ ಬಂದರು. ಮೈಸೂರಿನ ಬ್ರಿಟಿಷ್ ರೆಸಿಡೆನ್ಸಿಯಲ್ಲಿ ಅವರು ನೌಕರರಾಗಿದ್ದವರು. ಮುರಿದು ಬಿದ್ದಿದ್ದ ಹಳೆಯ ಸೇತುವೆಗಳನ್ನು ತಮ್ಮ ಹಣದಿಂದ ಎತ್ತಿ ಕಟ್ಟಿಸಿದರು, ಕಾಡು ಕಡಿಸಿದರು, ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದರು, ಪ್ರಯಾಣಿಕರಿಗೆ ಬಂಗಲೆಯನ್ನೂ ಕಟ್ಟಿಸಿದರು. ಆ ಸೇತುವೆಗಳಿಗೆ ಕಮಾನುಗಳಿಲ್ಲ. ನದಿಯ ಬಂಡೆಯಲ್ಲಿ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ಮೇಲೆ ಕಲ್ಲುತೊಲೆಗಳನ್ನು ಹಾಸಿದ್ದಾರೆ; ನಮ್ಮ ದೇವಾಲಯದ ಮಂಟಪವೇ ಹೊಳೆಗಿಳಿದು ನಡೆದಂತೆ ಕಾಣುತ್ತದೆ. ದ್ವೀಪವು ಆಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಬ್ರಿಟಿಷರದಾಗಿತ್ತು. ಆಚೆ ದಡ ಮೈಸೂರು ಸಂಸ್ಥಾನದ್ದು. ಸೇತುವೆ ಎರಡು ಸರ್ಕಾರಗಳನ್ನು ಕೂಡಿಸಿತು. ಆದ್ದರಿಂದ ಇಬ್ಬರೂ ಮೊದಲಿಯಾರರಿಗೆ ಗ್ರಾಮಗಳನ್ನು ಜಹಗೀರಾಗಿ ಕೊಟ್ಟರು. ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಬ್ರಿಟಿಷರಿಂದ ದೊರೆಯಿತು.

ಈ ಬಿರುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಜಹಗೀರೆಂದರೆ ಬರಿಯ ಗೌರವವಲ್ಲ. ನೆಲದ ಕಂದಾಯವನ್ನು ಅನುಭವಿಸುವ ಹಕ್ಕು. ಉಪಕಾರ ಮಾಡಿದವನಿಗೆ ಕೃತಜ್ಞತೆ ಸಲ್ಲಿಸಿದವರು ಅರಸರು. ಅದರ ಬೆಲೆ ತೆತ್ತವನು ಉಳುವವನು. ಅವನನ್ನು ಕೇಳುವ ಪದ್ಧತಿ ಆ ಕಾಲಕ್ಕೆ ಇರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ದ್ವೀಪದ ಒಡೆಯನಾದವನಿಗೆ ಸಹಜವಾದ ಆಸೆ ಯಾರೂ ಬಾರದಿರಲಿ ಎಂಬುದು. ಮೊದಲಿಯಾರರ ಒಡೆತನವಾದರೋ ಎಲ್ಲರೂ ಬರುವಂತೆ ಮಾಡಿದ ಮೇಲೆ ಬಂದದ್ದು. ಯಾತ್ರಿಕನೂ ಎತ್ತಿನ ಗಾಡಿಯೂ ದಾಟಿದಷ್ಟು ದಿನ ಆ ಬಿರುದಿಗೆ ಅರ್ಥವಿತ್ತು.

ಮುಂದೆ ಈ ನೀರಿನ ಬೆಲೆಯೇ ಬೇರೆಯಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ವಿದ್ಯುದಾಗಾರ 1902ರ ಜೂನ್ 30ರಂದು ಕೆಲಸ ಆರಂಭಿಸಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಶಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನಮ್ಮ ಅರ್ಕಾವತಿಯ ನೀರು ದ್ವೀಪದ ಕೆಳಗೆ ಕಾವೇರಿಯನ್ನು ಸೇರಿದರೆ, ಕಾವೇರಿಯ ಬೆಳಕು ಹಿಂದಿರುಗಿ ನಮ್ಮ ಸೀಮೆಯತ್ತ ಹರಿದಂತಾಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಎರಡು ಸರ್ಕಾರಗಳ ನಡುವಿನ ಗಡಿ ಅಳಿಯಿತು. ಜಹಗೀರುಗಳ ಯುಗವೂ ಮುಗಿಯಿತು. ಉಳಿದದ್ದು ಸೇತುವೆ. 2018ರ ಮಳೆಗಾಲದಲ್ಲಿ ಕಾವೇರಿ ಉಕ್ಕಿದಾಗ, ಜನ ವೆಸ್ಲಿ ಸೇತುವೆ ಎಂದು ಕರೆಯುವ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳಿಗೆ ಹೊಸ ಸೇತುವೆಯಿರುವುದರಿಂದ ಯಾರ ಪ್ರಯಾಣವೂ ನಿಲ್ಲಲಿಲ್ಲ. ಪ್ರಯಾಣ ನಿಲ್ಲದ್ದರಿಂದಲೇ ಆ ನಷ್ಟ ನಮ್ಮನ್ನು ಅಷ್ಟಾಗಿ ತಟ್ಟಲಿಲ್ಲವೇನೋ.

ಒಬ್ಬನದಾಗಿದ್ದ ದ್ವೀಪ ಈಗ ಎಲ್ಲರದು. ಒಳ್ಳೆಯದೇ ಆಯಿತು. ಆದರೆ ಒಬ್ಬನದಾಗಿದ್ದಾಗ ಕಲ್ಲು ಜಾರಿದರೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಎಲ್ಲರದಾದ ಮೇಲೆ ಆ ಜವಾಬ್ದಾರಿಯೂ ಎಲ್ಲರಿಗೆ ಹಂಚಿಹೋಗಬೇಕಿತ್ತು. ಬಿರುದನ್ನೂ ಗ್ರಾಮವನ್ನೂ ಬಯಸದೆ ಒಂದು ಕಲ್ಲುಕಂಬವನ್ನು ನಿಲ್ಲಿಸಿ ಉಳಿಸಿಕೊಳ್ಳಬಲ್ಲೆವೇ ಎಂಬುದೇ ಮೊದಲಿಯಾರರ ಸೇತುವೆ ಇಂದು ನಮ್ಮ ಮುಂದಿಟ್ಟಿರುವ ಪ್ರಶ್ನೆ.