ಹಾಡು ಬರೆದ ದೊರೆ, ಪಾಳುಬಿದ್ದ ನಗರ

ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ನಗರದ ಗದ್ದಲ ಮುಗಿದ ಸ್ವಲ್ಪ ಹೊತ್ತಿಗೆ ತೊರವಿ ಸಿಗುತ್ತದೆ. ಕನ್ನಡದಲ್ಲಿ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಆರಾಧ್ಯದೈವ ನರಸಿಂಹನ ಊರು ಇದು. ಇದರ ಸಮೀಪದಲ್ಲೇ ಎತ್ತರದ ಕಮಾನುಗಳ ಪಾಳು ಕಟ್ಟಡವೊಂದಿದೆ. ಜನರು ಅದನ್ನು ಸಂಗೀತ ಮಹಲ್ ಎನ್ನುತ್ತಾರೆ. ಗೋಲಗುಮ್ಮಟ ನೋಡಲು ಬಂದವರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ನಾಲ್ಕು ಶತಮಾನಗಳ ಹಿಂದೆ ಇದು ನವರಸಪುರ ಎಂಬ ಹೊಸ ನಗರದ ಭಾಗವಾಗಿತ್ತು. ಅದನ್ನು ಕಟ್ಟಿಸಿದವನು ಎರಡನೇ ಇಬ್ರಾಹೀಮ್ ಆದಿಲ್‌ಶಾಹ.

ಸೌಹಾರ್ದದ ಭಾಷಣಗಳಲ್ಲಿ ಅವನು 'ಜಗದ್ಗುರು ಬಾದಶಾಹ'. ಸರಸ್ವತಿಯನ್ನು ಸ್ತುತಿಸಿದ ಮುಸ್ಲಿಂ ದೊರೆ ಎಂಬ ಒಂದೇ ವಾಕ್ಯದಲ್ಲಿ ಅವನ ಕಥೆ ಮುಗಿದುಹೋಗುತ್ತದೆ. ಆ ವಾಕ್ಯ ಸುಳ್ಳಲ್ಲ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾದರೆ ಆ ಹಾಡುಗಳು ಎಂಥ ಬದುಕಿನಿಂದ ಹುಟ್ಟಿದವು ಎಂಬುದು ಮರೆತುಹೋಗುತ್ತದೆ.

1580ರಲ್ಲಿ ತಂದೆಯ ಸಹೋದರ ಒಂದನೇ ಅಲಿ ಆದಿಲ್‌ಶಾಹ ಕೊಲೆಯಾದಾಗ ಇಬ್ರಾಹೀಮನಿಗೆ ಸುಮಾರು ಒಂಬತ್ತು ವರ್ಷ. ಅಲಿಯ ಪತ್ನಿ ಚಾಂದ್‌ಬೀಬಿ ಬಾಲಕನ ಪೋಷಕಿಯಾದಳು. ಆದರೆ ಅಧಿಕಾರ ಸರದಾರರ ಕೈಯಲ್ಲಿತ್ತು. ಕಾಮಿಲ್ ಖಾನನನ್ನು ಕಿಶ್ವರ್ ಖಾನ್ ಮುಗಿಸಿದ. ಅದೇ ಕಿಶ್ವರ್ ಖಾನ್ ಚಾಂದ್‌ಬೀಬಿಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಲ್ಲಿಟ್ಟ. ಹಬ್ಶಿ ಸರದಾರ ಇಖ್ಲಾಸ್ ಖಾನನ ಕಡೆಯವರು ಆಕೆಯನ್ನು ಬಿಡಿಸಿದರು. ಬಳಿಕ ದಿಲಾವರ್ ಖಾನ್ ಇಖ್ಲಾಸ್ ಖಾನನ ಕಣ್ಣು ಕೀಳಿಸಿ ಸುಮಾರು ಎಂಟು ವರ್ಷ ರಾಜ್ಯವನ್ನೇ ನಡೆಸಿದ. 1590ರಲ್ಲಿ ಅವನನ್ನು ಉರುಳಿಸಿದಾಗಲೇ ಇಬ್ರಾಹೀಮ್ ನಿಜವಾದ ಅರ್ಥದಲ್ಲಿ ದೊರೆಯಾದ. ಆದರೂ ರಕ್ತದ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 1594ರಲ್ಲಿ ಬೆಳಗಾವಿಯಲ್ಲಿ ಬಂಡೆದ್ದ ಸಹೋದರ ಇಸ್ಮಾಯಿಲನೂ ಪ್ರಾಣ ಕಳೆದುಕೊಂಡ.

ಹೀಗೆ ಬೆಳೆದವನು ಬರೆದ ಕೃತಿಯೇ 'ಕಿತಾಬ್-ಎ-ನವರಸ್'. ರಾಗಗಳ ಹೆಸರಿನಡಿ ಜೋಡಿಸಿದ ಹಾಡುಗಳ ಗ್ರಂಥವಿದು. ಅದರಲ್ಲಿ ಸರಸ್ವತಿ, ಗಣೇಶರಿದ್ದಾರೆ. ಪ್ರವಾದಿ ಮುಹಮ್ಮದ್(ಸ)ರ ಸ್ತುತಿಯಿದೆ. ಕಲಬುರಗಿಯ ಬಂದೇನವಾಜ್ ಗೇಸೂದರಾಜರಿದ್ದಾರೆ. ದೊರೆಯ ಪ್ರೀತಿಯ ತಂಬೂರಿ 'ಮೋತಿಖಾನ್', ಆನೆ 'ಆತಿಶ್‌ಖಾನ್' ಕೂಡ ಇದ್ದಾರೆ. ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್, ದೊರೆ ಸಂಗೀತದಲ್ಲಿ ಎಷ್ಟು ಮುಳುಗಿದ್ದನೆಂದರೆ ತನ್ನ ಮಾತಿಗೆ ಉತ್ತರಿಸುವುದೇ ಅವನಿಗೆ ಕಷ್ಟವಾಗಿತ್ತು ಎಂದು ಬರೆದಿಟ್ಟಿದ್ದಾನೆ.

ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಭಾಷೆಯದು. ಆಸ್ಥಾನದ ಗೌರವದ ಭಾಷೆ ಫಾರ್ಸಿ. ಇತಿಹಾಸಕಾರ ಫಿರಿಶ್ತಾ ಇವನ ಆಶ್ರಯದಲ್ಲೇ ಫಾರ್ಸಿಯಲ್ಲಿ ತನ್ನ ದೊಡ್ಡ ಗ್ರಂಥ ಬರೆದ. ಕವಿ ಜುಹೂರಿ ಇವನ ಹಾಡುಗಳಿಗೆ ಮುನ್ನುಡಿ ಬರೆದದ್ದೂ ಫಾರ್ಸಿಯಲ್ಲೇ. ಆದರೆ ದೊರೆ ಹಾಡಿದ್ದು ಬೀದಿಯ ದಖನಿಯಲ್ಲಿ. ಅವನ ಅಜ್ಜ ಒಂದನೇ ಇಬ್ರಾಹೀಮ್ ಸರಕಾರದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ನೆಲದ ಭಾಷೆಗೆ ಬದಲಿಸಿದ್ದ. ಮೊಮ್ಮಗ ಆ ಗೌರವವನ್ನು ಕಾವ್ಯಕ್ಕೂ ತಂದ. ಒಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವೆಸೆಕ್ಸ್ ಆಳಿದ ಆಲ್‌ಫ್ರೆಡ್, ಯುದ್ಧಗಳ ನಡುವೆಯೇ ಲ್ಯಾಟಿನ್ ಗ್ರಂಥಗಳನ್ನು ಜನರ ಆಡುಮಾತಿಗೆ ತಂದನೆಂದು ಆಂಗ್ಲರು ಅವನನ್ನು ಇಂದಿಗೂ 'ಮಹಾನ್' ಎಂದು ಕೊಂಡಾಡುತ್ತಾರೆ. ನಮ್ಮ ನೆಲದ ದೊರೆಯ ಇಂಥದೇ ಕೆಲಸ ನಮಗೆ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಷ್ಟೇ.

'ನವರಸ್' ಎಂಬ ಪದ ಅವನಿಗೆ ಗೀಳಾಗಿತ್ತು. ನಮ್ಮ ಒಂಬತ್ತು ರಸಗಳೂ ಅದರಲ್ಲಿದ್ದವು, ಫಾರ್ಸಿಯ 'ಹೊಸತು' ಎಂಬ ಅರ್ಥವೂ ಇತ್ತು. 1599ರಲ್ಲಿ ಅದೇ ಹೆಸರಿನಲ್ಲಿ ತೊರವಿಯ ಬಳಿ ನಗರ ಕಟ್ಟಲು ತೊಡಗಿದ. 1624ರಲ್ಲಿ ಭಾತವಡಿಯ ಯುದ್ಧದಲ್ಲಿ ವಿಜಯಪುರ ಮತ್ತು ಮೊಗಲರ ಸೇನೆಗಳನ್ನು ಸೋಲಿಸಿದ ಅಹ್ಮದನಗರದ ಮಲಿಕ್ ಅಂಬರ್ ನುಗ್ಗಿ ಬಂದು ನವರಸಪುರವನ್ನು ಹಾಳುಗೆಡವಿದ. ಇಪ್ಪತ್ತೈದು ವರ್ಷಗಳ ಕನಸು ಕಣ್ಣೆದುರೇ ಮಣ್ಣಾಯಿತು. ಮೂರು ವರ್ಷಗಳ ಬಳಿಕ, 1627ರಲ್ಲಿ ಇಬ್ರಾಹೀಮ್ ತೀರಿಕೊಂಡ. ನಗರದ ಪಶ್ಚಿಮಕ್ಕಿರುವ ಇಬ್ರಾಹೀಮ್ ರೋಜಾದಲ್ಲಿ ರಾಣಿ ತಾಜ್ ಸುಲ್ತಾನಾಳ ಜೊತೆ ಅವನು ಮಲಗಿದ್ದಾನೆ.

ಅಪ್ಪಣೆಯಿಂದ ಎದ್ದ ನಗರ ದೊರೆಗಿಂತ ಮೊದಲೇ ಬಿತ್ತು. ಹಾಡುಗಳು ಹಸ್ತಪ್ರತಿಗಳಲ್ಲಿ ಉಳಿದು, 1956ರಲ್ಲಿ ವಿದ್ವಾಂಸ ನಜೀರ್ ಅಹ್ಮದರ ಸಂಪಾದನೆಯಲ್ಲಿ ಅಚ್ಚಾದವು. ಅವನು ಹಾಡಿದ ದಖನಿಯಂತೂ ಯಾವ ಪುಸ್ತಕವನ್ನೂ ಕಾಯಲಿಲ್ಲ. ವಿಜಯಪುರದ ಓಣಿಗಳಲ್ಲಿ, ತಿಕೋಟಾ, ಬಬಲೇಶ್ವರಗಳ ಮುಸ್ಲಿಂ ಮನೆಗಳಲ್ಲಿ ಕನ್ನಡದ ಜೊತೆಜೊತೆಗೇ ಅದು ಬದುಕಿದೆ. ಆದರೆ 'ನಕ್ಕೋ' ಎನ್ನುವ ಮಗುವಿಗೆ "ಸರಿಯಾದ ಉರ್ದು ಮಾತಾಡು" ಎಂದು ಗದರಿಸುವವರು ನಾವೇ. ದೊರೆಯೊಬ್ಬ ದೇವರನ್ನೂ ಪ್ರೇಮವನ್ನೂ ಹಾಡಲು ಆರಿಸಿಕೊಂಡ ನುಡಿ ನಮಗೆ ನಾಚಿಕೆಯ ವಸ್ತುವಾದದ್ದು ಹೇಗೆ?

ಇಬ್ರಾಹೀಮನನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಅವನ ಕೈಗೂ ರಕ್ತ ಅಂಟಿತ್ತು. ಆದರೂ ಸಂಚು, ಸೆರೆ, ಕೊಲೆಗಳನ್ನೇ ಕಂಡು ಬೆಳೆದ ಆ ಬಾಲಕನ ಗಂಟಲಲ್ಲಿ ದ್ವೇಷದ ಬದಲು ಹಾಡು ಹುಟ್ಟಿತು. ಅದಕ್ಕಿಂತ ಸುಲಭದ ಕಾಲದಲ್ಲಿರುವ ನಾವು ನಮ್ಮ ಮಕ್ಕಳಿಗೆ ಏನನ್ನು ಕಲಿಸುತ್ತಿದ್ದೇವೆ? ಒಮ್ಮೆ ಅವರ ಕೈಹಿಡಿದು ತೊರವಿಯ ಆ ಕಮಾನುಗಳ ಕೆಳಗೆ ನಿಂತು ಯೋಚಿಸೋಣ.